ಸೆಕ್ಷನ್ 84 ಕೇಳುವ ಆ ಒಂದು ಗಳಿಗೆ

ಕೊಲೆಯ ಸುದ್ದಿಯಲ್ಲಿ ಆರೋಪಿಗೆ ಮಾನಸಿಕ ಕಾಯಿಲೆಯಿತ್ತು ಎಂಬ ಸಾಲು ಕಂಡೊಡನೆ ‘ಇನ್ನು ಹುಚ್ಚನೆಂದು ಹೇಳಿ ಪಾರಾಗುತ್ತಾನೆ ಬಿಡಿ’ ಎನ್ನುವವರು ನಮ್ಮ ಸುತ್ತ ಬಹಳ ಜನ. ಹಾಗೆ ಪಾರಾಗುವ ಬಾಗಿಲು ಎಷ್ಟು ಕಿರಿದೆಂಬುದು ತೀರ್ಪುಗಳನ್ನು ಓದಿದರೆ ತಿಳಿಯುತ್ತದೆ.

ಭಾರತೀಯ ದಂಡ ಸಂಹಿತೆಯ 84ನೇ ಕಲಮು 2024ರ ಜುಲೈ 1ರಿಂದ ನ್ಯಾಯ ಸಂಹಿತೆಯ 22ನೇ ಕಲಮಾಗಿ, ಹೆಚ್ಚುಕಡಿಮೆ ಹಳೆಯ ಮಾತುಗಳಲ್ಲೇ, ಉಳಿದುಕೊಂಡಿದೆ. ಕೃತ್ಯ ನಡೆದ ಗಳಿಗೆಯಲ್ಲಿ ಚಿತ್ತವಿಕಲತೆಯಿಂದಾಗಿ ತಾನು ಮಾಡುತ್ತಿರುವುದು ಏನೆಂದಾಗಲಿ, ಅದು ತಪ್ಪು ಅಥವಾ ಕಾನೂನಿಗೆ ವಿರುದ್ಧವೆಂದಾಗಲಿ ತಿಳಿಯಲಾರದ ಸ್ಥಿತಿಯಲ್ಲಿದ್ದವನ ಕೃತ್ಯ ಅಪರಾಧವಲ್ಲ ಎನ್ನುತ್ತದೆ ಅದು. ಕಾಯಿಲೆ ಇದ್ದರಷ್ಟೇ ಸಾಲದು. ಅದು ಆ ಗಳಿಗೆಯಲ್ಲಿ ತಿಳಿವನ್ನೇ ಅಳಿಸಿರಬೇಕು.

ಈ ಅಳತೆಗೋಲು ಹುಟ್ಟಿದ್ದು 1843ರ ಲಂಡನ್ನಿನಲ್ಲಿ. ಆಗ ಅಧಿಕಾರದಲ್ಲಿದ್ದ ಟೋರಿ ಪಕ್ಷದವರು ತನ್ನ ಬೆನ್ನುಹತ್ತಿ ಪೀಡಿಸುತ್ತಿದ್ದಾರೆಂದು ನಂಬಿದ್ದ ಡೇನಿಯಲ್ ಮೆಕ್‌ನಾಟನ್, ಪ್ರಧಾನಿ ರಾಬರ್ಟ್ ಪೀಲ್ ಅವರ ಆಪ್ತ ಕಾರ್ಯದರ್ಶಿ ಎಡ್ವರ್ಡ್ ಡ್ರಮಂಡ್ ಅವರನ್ನು ಗುಂಡಿಟ್ಟು ಕೊಂದ. ಚಿತ್ತವಿಕಲತೆಯ ಕಾರಣಕ್ಕೆ ಜ್ಯೂರಿ ಅವನನ್ನು ನಿರ್ದೋಷಿ ಎಂದಾಗ ವಿಕ್ಟೋರಿಯಾ ರಾಣಿಯೂ ಸೇರಿದಂತೆ ಹಲವರು ಸಿಡಿಮಿಡಿಗೊಂಡರು. ಬ್ರಿಟಿಷ್ ಸಂಸತ್ತಿನ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್ ನ್ಯಾಯಾಧೀಶರನ್ನು ಕರೆಸಿ ಪ್ರಶ್ನಿಸಿತು, ಅವರ ಉತ್ತರವೇ ಮೆಕ್‌ನಾಟನ್ ನಿಯಮವಾಯಿತು. ತಾನು ಮನುಷ್ಯನೊಬ್ಬನಿಗೆ ಗುಂಡು ಹೊಡೆಯುತ್ತಿದ್ದೇನೆಂಬುದು ಮೆಕ್‌ನಾಟನ್‌ಗೆ ಗೊತ್ತಿತ್ತು. ಆದ್ದರಿಂದ ತನ್ನ ಹೆಸರಿನ ನಿಯಮದಡಿ ಅವನೇ ಗೆಲ್ಲುತ್ತಿದ್ದನೇ ಎಂಬುದು ನನಗೆ ಅನುಮಾನ.

ನಮ್ಮಲ್ಲಿ ಇದನ್ನು ಸಾಬೀತುಪಡಿಸುವ ಹೊಣೆ ಆರೋಪಿಯದು. ಸಂಶಯಾತೀತವಾಗಿ ಅಲ್ಲ, ಸಂಭವನೀಯತೆಯ ತೂಕದಲ್ಲಿ, ಅಂದರೆ ಹಾಗಿದ್ದಿರುವ ಸಾಧ್ಯತೆಯೇ ಹೆಚ್ಚೆಂದು, ತೋರಿಸಿದರೆ ಸಾಕೆಂದು 1964ರ ದಹ್ಯಾಭಾಯಿ ಠಕ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ತೂಕಕ್ಕೆ ಇಡಲು ಏನಾದರೂ ಬೇಕಲ್ಲ? ಪತ್ನಿಯನ್ನು ಕೊಂದ ಮಹಾರಾಷ್ಟ್ರದ ಪೊಲೀಸ್ ಕಾನ್‌ಸ್ಟೆಬಲ್ ಒಬ್ಬನನ್ನು 2002ರಲ್ಲಿ ಅದೇ ನ್ಯಾಯಾಲಯ ಖುಲಾಸೆ ಮಾಡಿದಾಗ ಅವನ ಕೈ ಹಿಡಿದದ್ದು ಘಟನೆಗೆ ಹಿಂದೆಯೂ ಮುಂದೆಯೂ ಸ್ಕಿಜೋಫ್ರೇನಿಯಾಕ್ಕೆ ಪಡೆದ ಚಿಕಿತ್ಸೆಯ ದಾಖಲೆ, ಜೊತೆಗೆ ಹಾಡಹಗಲಲ್ಲಿ ಕೊಂದು ಓಡಿಹೋಗಲೂ ಯತ್ನಿಸದ ಅವನ ನಡವಳಿಕೆ. ನಿಮ್ಹಾನ್ಸ್‌ನ ಹೊರರೋಗಿ ವಿಭಾಗದ ಹಳೆಯ ಚೀಟಿ ಇದ್ದವನಿಗೆ ಹೇಳಿಕೊಳ್ಳಲು ಒಂದು ಆಧಾರವುಂಟು. ಮಗನಿಗೆ ಗಾಳಿ ಸೋಕಿದೆಯೆಂದು ಹರಕೆ ಹೊತ್ತು, ತಾಯಿತ ಕಟ್ಟಿಸಿ, ದೇವರ ಗುಡಿಯ ಮುಂದೆ ವರ್ಷಗಟ್ಟಲೆ ಕಾದ ಮನೆಯವರ ಬಳಿ ಯಾವ ಚೀಟಿ ಇರುತ್ತದೆ? ತಾಯಿತಕ್ಕೆ ರಸೀದಿ ಕೊಡುವ ಪದ್ಧತಿಯಿಲ್ಲ. ಬಡವನ ಪಾಲಿಗೆ ಈ ಕಲಮು ಇದ್ದೂ ಇಲ್ಲದಂತಾಗುವುದು ಇಲ್ಲಿಯೇ.

ಇನ್ನು, ಗೆದ್ದವನು ನೇರ ಮನೆಗೆ ಹೋಗುತ್ತಾನೆಂಬುದೂ ತಪ್ಪು ತಿಳಿವಳಿಕೆ. ಕೃತ್ಯ ಎಸಗಿದ್ದು ಅವನೇ ಎಂದು ತೀರ್ಪಿನಲ್ಲಿ ದಾಖಲಿಸಿದ ಮೇಲೆ ನ್ಯಾಯಾಲಯ ಅವನನ್ನು ಸುರಕ್ಷಿತ ವಶದಲ್ಲಿ ಇರಿಸಬಹುದು, ಇಲ್ಲವೇ ಜಾಮೀನು ಪಡೆದು ಬಂಧುವಿಗೆ ಒಪ್ಪಿಸಬಹುದು. ವಿಚಾರಣೆಯನ್ನೇ ಎದುರಿಸಲಾರದವರ ಪಾಡು ಇನ್ನೂ ಕಠಿಣ. 1951ರಲ್ಲಿ ಬಂಧನಕ್ಕೊಳಗಾಗಿ ತೇಜಪುರದ ಮಾನಸಿಕ ಆಸ್ಪತ್ರೆಗೆ ಸೇರಿದ ಅಸ್ಸಾಂನ ಬುಡಕಟ್ಟಿನ ಯುವಕನೊಬ್ಬ 1967ರಲ್ಲೇ ಗುಣಮುಖನೆಂದು ವೈದ್ಯರು ಹೇಳಿದ್ದರೂ, ವಿಚಾರಣೆಯೇ ನಡೆಯದೆ ಬಂಧನದಲ್ಲೇ ಮುದುಕನಾಗಿ 2005ರಲ್ಲಿ ಹೊರಬಂದ.