ಅವ್ವನ ಮಂಡಿಯ ಸಂದು

ಹೋದ ತಿಂಗಳು ಅವ್ವನ ಮಂಡಿಯ ಎಕ್ಸ್‌ರೇ ತೆಗೆಸಿದೆ. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು, "ನೋಡಿ, ಇಲ್ಲಿ ಗ್ಯಾಪೇ ಉಳಿದಿಲ್ಲ" ಅಂದರು. ಮಂಡ್ಯದಿಂದ ಊರಿಗೆ ವಾಪಸು ಬರುವಾಗ ಅವ್ವ ಬಸ್ಸಿನಲ್ಲಿ ಮಾತೇ ಆಡಲಿಲ್ಲ. ಇಳಿಯುವ ಹೊತ್ತಿಗೆ ಕೇಳಿದಳು: "ಗ್ಯಾಪು ಇಲ್ದಿದ್ರೆ ಒಳ್ಳೇದಲ್ವೇನ್ಲಾ? ಬಾಗ್ಲು ಚೌಕಟ್ಟಿಗೆ ಬಿಗಿಯಾಗಿ ಕೂತಂಗೆ."

ಇಪ್ಪತ್ತೆರಡು ವರ್ಷದಿಂದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿರುವ ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ.

ತಪ್ಪು ನಾನು ಪಾಠ ಮಾಡುವ ರೀತಿಯದ್ದೇ. ಮೊಣಕೈ ಬಿಜಾಗರಿ ಕೀಲು, ಭುಜ ಚೆಂಡು-ಗುಳಿ ಕೀಲು, ಕುತ್ತಿಗೆಯದು ತಿರುಗು ಕೀಲು ಅನ್ನುತ್ತೇನೆ. ಮಕ್ಕಳು ಕೈ ತಿರುಗಿಸಿ ನಗುತ್ತಾರೆ, ಪರೀಕ್ಷೆಯಲ್ಲಿ ಎರಡು ಅಂಕ ಬರುತ್ತದೆ. ಕೀಲು ಹೇಗೆ ಆಡುತ್ತದೆ ಅನ್ನುವುದಷ್ಟೇ ಅಲ್ಲಿರುವುದು. ಎರಡು ಮೂಳೆಗಳ ನಡುವೆ ಏನಿದೆ ಅನ್ನುವುದು ಇಲ್ಲ. ಅಂಗರಚನಾಶಾಸ್ತ್ರದವರು ಕೀಲುಗಳನ್ನು ವಿಂಗಡಿಸುವುದು ಮೊದಲು ಅದೇ ಲೆಕ್ಕದಲ್ಲಿ: ನಡುವೆ ನಾರಿದೆಯೋ, ಮೃದ್ವಸ್ಥಿ (ಮೂಳೆಗಿಂತ ಮೆತ್ತಗಿರುವ ಕಾರ್ಟಿಲೇಜ್) ಇದೆಯೋ, ದ್ರವವಿದೆಯೋ.

ನಾರಿನದು ನಮ್ಮ ಮನೆಯಲ್ಲೇ ಇದೆ. ತಂಗಿಯ ಮೊಮ್ಮಗಳಿಗೆ ಎಂಟು ತಿಂಗಳು. ಅವ್ವ ದಿನಾ ಅದರ ನೆತ್ತಿಗೆ ಹರಳೆಣ್ಣೆ ಒತ್ತುತ್ತಾಳೆ, "ನೆತ್ತಿ ಇನ್ನೂ ಕೂಡಿಲ್ಲ" ಅನ್ನುತ್ತಾಳೆ. ಆ ಮೆತ್ತನೆ ಜಾಗ ಸುಮಾರು ಒಂದೂವರೆ ವರ್ಷಕ್ಕೆ ಮುಚ್ಚುತ್ತದೆ. ಆಮೇಲೆ ತಲೆಬುರುಡೆಯ ಮೂಳೆಗಳು ಗರಗಸದ ಹಲ್ಲಿನಂತೆ ಒಂದಕ್ಕೊಂದು ಕಚ್ಚಿಕೊಂಡು, ನಡುವೆ ತೆಳು ನಾರಿನ ಹೊಲಿಗೆಯಷ್ಟೇ ಉಳಿಯುತ್ತದೆ. ಹಲ್ಲು ದವಡೆಯಲ್ಲಿ ಕೂತಿರುವುದೂ ಇದೇ ಜಾತಿಯ ಕೀಲು ಅಂದರೆ ಮಕ್ಕಳು ನಂಬುವುದಿಲ್ಲ.

ಮೃದ್ವಸ್ಥಿಗೆ ಬೆನ್ನುಮೂಳೆ ನೋಡಿ. ಅಲ್ಲಿ 23 ಬಿಲ್ಲೆಗಳಿವೆ. ಸಂಜೆ ಹೊತ್ತಿಗೆ ಅವು ಅದುಮಿಕೊಂಡು ನಾವು ಸುಮಾರು 1 ಸೆಂ.ಮೀ. ಗಿಡ್ಡವಾಗಿರುತ್ತೇವೆ, ರಾತ್ರಿ ಮಲಗಿದರೆ ಮತ್ತೆ ಸರಿಹೋಗುತ್ತದೆ. 'ಡಿಸ್ಕ್ ಜಾರಿದೆ' ಅನ್ನುತ್ತಾರಲ್ಲ, ಬಿಲ್ಲೆ ಎಲ್ಲಿಗೂ ಜಾರುವುದಿಲ್ಲ. ಒಳಗಿನ ಲೋಳೆ ಹೊರಗಿನ ಪದರವನ್ನು ತಳ್ಳಿಕೊಂಡು ಉಬ್ಬುತ್ತದೆ.

ಮಂಡಿ ಮಾತ್ರ ಬಾಯಲ್ಲಿ ಹೇಳಿದರೆ ಆಗುವುದಲ್ಲ ಅನ್ನಿಸಿತು. ಮಾರನೇ ದಿನ ಮಟನ್ ಅಂಗಡಿಗೆ ಹೋಗಿ ಕುರಿಯ ಹಿಂಗಾಲು, ಮಂಡಿ ಕಡಿಯದೆ ಕೊಡಿ ಅಂದೆ. ಆತ ಬೆರಳಿನಲ್ಲಿ ಒತ್ತಿ ತೋರಿಸಿದ: "ಸಂದು ಗೊತ್ತಿದ್ರೆ ಮಚ್ಚೇ ಬೇಡ ಸಾ, ಚಾಕು ಸಾಕು."

ಲ್ಯಾಬಿನ ಮೇಜಿನ ಮೇಲೆ ಪೇಪರು ಹಾಸಿ ಕುಯ್ದೆ. ನಾಲ್ಕೈದು ಮಕ್ಕಳು ಮೂಗು ಮುಚ್ಚಿಕೊಂಡು ಬಾಗಿಲಿಗೆ ಹೋದರು, ಆಮೇಲೆ ಅವರೇ ಎಲ್ಲರಿಗಿಂತ ಮುಂದೆ ಬಂದು ನಿಂತರು. ಕೀಲಿನ ಸುತ್ತಲಿನ ಗಟ್ಟಿ ಚೀಲ ಸೀಳುತ್ತಿದ್ದಂತೆ ಒಂದಿಷ್ಟು ದ್ರವ ಜಿನುಗಿತು. ಒಬ್ಬಳು ಎರಡು ಬೆರಳಿಗೆ ಹಚ್ಚಿ ಬಿಡಿಸಿ ನೋಡಿ, "ಬೆಂಡೆಕಾಯಿ ಲೋಳೆ ಸಾರ್" ಅಂದಳು. ಮೂಳೆಯ ತುದಿ ಮೂಳೆಯ ಹಾಗಿರಲೇ ಇಲ್ಲ. ಎಳನೀರಿನ ಗಂಜಿಯ ಬಿಳುಪು, ಅದರ ಮೇಲೆ ಒಂಚೂರು ನೀಲಿ ಹೊಳಪು. ಉಗುರಲ್ಲಿ ಒತ್ತಿದರೆ ತಗ್ಗಿ ಮತ್ತೆ ಎದ್ದುಬರುತ್ತಿತ್ತು. ಅದು ತುದಿಗೆ ಹೊದಿಸಿದ ಮೃದ್ವಸ್ಥಿಯ ಪದರ. ನಡುವೆ ಅರ್ಧಚಂದ್ರದ ಆಕಾರದ ಎರಡು ಮೆತ್ತೆ, ಒಂದನ್ನೊಂದು ಹಾಯುವ ಎರಡು ಹಗ್ಗ. ಇದು ದ್ರವವಿರುವ ಮೂರನೇ ಜಾತಿ, ಸೈನೋವಿಯಲ್ ಕೀಲು. ನಮ್ಮ ಮಂಡಿಯಲ್ಲಿ ಆ ದ್ರವ ಸಾಮಾನ್ಯವಾಗಿ ಒಂದು ಟೀ ಚಮಚದಷ್ಟೂ ಇರುವುದಿಲ್ಲ.

ಹಿಂದಿನ ಬೆಂಚಿನವನೊಬ್ಬ ಅಷ್ಟರಲ್ಲಿ ಲಟಲಟ ನೆಟಿಕೆ ಮುರಿದ. ಕೀಲು ಸವೆಯುತ್ತಾ ಸಾರ್ ಅಂತ ಪ್ರಶ್ನೆ. ಅಮೆರಿಕದ ಡೊನಾಲ್ಡ್ ಅಂಗರ್ ಅನ್ನುವ ವೈದ್ಯ 60 ವರ್ಷ ಬರೀ ಎಡಗೈ ನೆಟಿಕೆ ತೆಗೆದು, ಬಲಗೈ ಹಾಗೇ ಬಿಟ್ಟ; ಎರಡೂ ಕೈಗೆ ಸಂಧಿವಾತ ಬರಲಿಲ್ಲ, 2009ರಲ್ಲಿ ಇಗ್ ನೊಬೆಲ್ (ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ತಮಾಷೆಯ ಬಹುಮಾನ) ಬಂತು ಅಂದೆ. ಹೇಳಬಾರದಿತ್ತು. ಇಡೀ ಕ್ಲಾಸು ಶುರು ಹಚ್ಚಿಕೊಂಡಿತು.

ಸ್ಟಾಫ್‌ರೂಮಿನಲ್ಲಿ ಕನ್ನಡ ಮೇಷ್ಟ್ರು ಕಥೆಯೆಲ್ಲ ಕೇಳಿ, "ಇದು ನಮ್ಮ ಆಗಮ ಸಂಧಿನೇ ಕಣ್ರೀ. ಮನೆ, ಅನ್ನು ಎರಡೂ ನೇರ ಸೇರೋಕಾಗಲ್ಲ, ನಡುವೆ ಒಂದು ಯಕಾರ ಬರಬೇಕು. ನಿಮ್ಮ ಅಮ್ಮಂದು ಲೋಪ ಸಂಧಿ ಆಗಿದೆ" ಅಂದರು. ನಗಬೇಕೋ ಬೇಡವೋ ತಿಳಿಯಲಿಲ್ಲ.

ರಾತ್ರಿ ಅವ್ವನ ಪಕ್ಕ ಕೂತು ಹೇಳಿದೆ. ಎಕ್ಸ್‌ರೇಯಲ್ಲಿ ಮೃದ್ವಸ್ಥಿ ಕಾಣುವುದಿಲ್ಲ, ಕಪ್ಪಗೆ ಗ್ಯಾಪಿನ ಹಾಗೆ ತೋರುವುದೇ ಅದು. ಗ್ಯಾಪು ಹೋಯಿತು ಅಂದರೆ ಮೂಳೆ ತುದಿಯ ಆ ಪದರ ಸವೆಯಿತು ಅಂತ. ಅದಕ್ಕೆ ರಕ್ತನಾಳ ಇಲ್ಲ, ನರವೂ ಇಲ್ಲ. ಹಾಗಾಗಿ ಸವೆಯಲು ಶುರುವಾದಾಗ ಗೊತ್ತೇ ಆಗಲಿಲ್ಲ, ಸವೆದ ಮೇಲೆ ಮತ್ತೆ ಬೆಳೆಯುವುದೂ ಕಷ್ಟ. ಸ್ಪಂಜು ಹಿಂಡಿ ಬಿಟ್ಟ ಹಾಗೆ, ಕಾಲಾಡಿಸಿದಾಗಲೇ ಅದಕ್ಕೆ ಆ ದ್ರವದಿಂದ ಆಹಾರ. ಅದಕ್ಕೇ ಡಾಕ್ಟರು ನಿಧಾನಕ್ಕಾದರೂ ನಡೆಯಿರಿ ಅಂದದ್ದು.

ಅವ್ವ ಮಂಡಿ ನೀವಿಕೊಳ್ಳುತ್ತಾ ಎಲ್ಲ ಕೇಳಿಸಿಕೊಂಡಳು.

"ಆ ಕುರಿ ಕಾಲ್ನ ಏನ್ ಮಾಡ್ದೆ?"

"ಮಕ್ಕಳು ಮುಟ್ಟಿದ್ರಲ್ಲವ್ವ, ಗುಂಡಿ ತೋಡಿ ಹೂತ್ವಿ."

"ಅಯ್ಯೋ, ತೊಳ್ದು ಸೂಪ್ ಮಾಡ್ಬೋದಿತ್ತಲ್ಲೋ" ಅಂದು ದೀಪ ಆರಿಸಲು ಹೇಳಿದಳು.