ಗೇಲಿಕ್ ಫುಟ್‌ಬಾಲ್: 11 ಮಂದಿ 125 ಮೀಟರ್ ಗೆರೆ ಕಾಯುವ ಕೆಲಸ

ಚೆಂಡನ್ನು ಕೈಯಲ್ಲೂ ಹಿಡಿದು ಆಡುವ ಐರ್ಲೆಂಡಿನ ಗೇಲಿಕ್ ಫುಟ್‌ಬಾಲ್‌ನಲ್ಲಿ ಡಿಫೆನ್ಸ್ ಕೋಚಿಂಗ್ ಮಾಡುವವರು ಈಗ ಟ್ಯಾಕಲ್‌ಗಿಂತ ಮೊದಲು ಲೆಕ್ಕ ಕಲಿಸಬೇಕು. ತಂಡದಲ್ಲಿ 15 ಮಂದಿ. 2025ರ ನಿಯಮದ ಪ್ರಕಾರ ಎದುರಾಳಿಯ ಅರ್ಧದಲ್ಲಿ ನಮ್ಮ ಮೂವರು ಸದಾ ಇರಲೇಬೇಕು. ನಮ್ಮ ಅರ್ಧದಲ್ಲಿ ಗೋಲ್‌ಕೀಪರ್ ಸೇರಿ ನಾಲ್ವರು. ಹಾಗಾಗಿ ದಾಳಿಗೆ ಬರುವವರು ಹೆಚ್ಚೆಂದರೆ 11, ತಡೆಯಲು ಸಿಗುವವರು ಕೀಪರ್ ಬಿಟ್ಟು 11. ಒಬ್ಬನನ್ನು ಯಾರ ಬೆನ್ನಿಗೂ ಬೀಳದ ಸ್ವೀಪರ್ ಅಂತ ಹಿಂದೆ ನಿಲ್ಲಿಸಿದರೆ ಎದುರಾಳಿಯ ಒಬ್ಬ ಎಲ್ಲೋ ಖಾಲಿ ಉಳಿದ ಎಂದೇ ಅರ್ಥ. ಆ ಖಾಲಿ ಮನುಷ್ಯ ಯಾರು ಅನ್ನುವುದನ್ನು ಪಂದ್ಯಕ್ಕೆ ಮೊದಲೇ ನಾವು ಆರಿಸಿರಬೇಕು. ಸಾಮಾನ್ಯವಾಗಿ ದೂರದಿಂದ ಒದೆಯಲು ಬಾರದ ಅವರ ಬ್ಯಾಕ್ ಆಟಗಾರನನ್ನೇ ಬಿಡುವುದು ಒಳ್ಳೆಯದು.

ಹಿಂದೆ ಈ ಚಿಂತೆ ಇರಲಿಲ್ಲ. 2003ರ ಅಖಿಲ ಐರ್ಲೆಂಡ್ ಚಾಂಪಿಯನ್‌ಷಿಪ್ ಸೆಮಿಫೈನಲ್‌ನಲ್ಲಿ ಟೈರೋನ್ ಕೌಂಟಿಯ ತಂಡ ಚೆಂಡು ಹಿಡಿದ ಕೆರಿ ಆಟಗಾರನ ಮೇಲೆ ಗುಂಪಾಗಿ ಮುಗಿಬಿದ್ದು 0-13, 0-6ರಿಂದ ಗೆದ್ದಿತು (ಮೊದಲ ಅಂಕಿ ಗೋಲು, ಎರಡನೆಯದು ಪಾಯಿಂಟ್; ಚೆಂಡು ಗೋಲಿನ ಅಡ್ಡ ಬಾರಿನ ಕೆಳಗೆ ಹೋದರೆ ಗೋಲು, ಮೇಲೆ ಹೋದರೆ ಪಾಯಿಂಟ್; ಒಂದು ಗೋಲಿಗೆ ಮೂರು ಪಾಯಿಂಟ್). 2011ರಲ್ಲಿ ಕೋಚ್ ಜಿಮ್ ಮ್ಯಾಕ್‌ಗಿನ್ನೆಸ್ ಅವರ ಡೊನೆಗಾಲ್ ಹೆಚ್ಚುಕಡಿಮೆ ಇಡೀ ತಂಡವನ್ನೇ ಚೆಂಡಿನ ಹಿಂದೆ ಕೂರಿಸಿತು. ಡಬ್ಲಿನ್ ಎದುರು ಆ ಸೆಮಿಫೈನಲ್ 0-8, 0-6ಕ್ಕೆ ಮುಗಿಯಿತು. ಡೊನೆಗಾಲ್ ಸೋತರೂ ಆ ಬ್ಲಾಂಕೆಟ್ ಡಿಫೆನ್ಸ್ ಅನ್ನು ಐರ್ಲೆಂಡಿನ ಕ್ಲಬ್ ತಂಡಗಳೂ ನಕಲು ಮಾಡಿದವು. ಅದಕ್ಕೆ ಕಡಿವಾಣ ಹಾಕಲೆಂದೇ ಜಿಮ್ ಗ್ಯಾವಿನ್ ಅಧ್ಯಕ್ಷತೆಯ ಸಮಿತಿ ಹೊಸ ನಿಯಮ ತಂದದ್ದು.

ಅದರಲ್ಲಿ ಡಿಫೆಂಡರ್‌ಗಳ ನಿದ್ದೆ ಕೆಡಿಸುವುದು ಗೋಲಿನ ಮುಂದೆ ಎಳೆದ 40 ಮೀಟರ್ ಕಮಾನು. ಅದರ ಹೊರಗಿನಿಂದ ಒದ್ದ ಚೆಂಡು ಬಾರಿನ ಮೇಲೆ ಹೋದರೆ ಎರಡು ಪಾಯಿಂಟ್. 40 ಮೀಟರ್ ತ್ರಿಜ್ಯದ ಅರ್ಧವೃತ್ತದ ಉದ್ದ ಸುಮಾರು 125 ಮೀಟರ್. 11 ಮಂದಿಯನ್ನೂ ಅದರ ಮೇಲೆ ಹಂಚಿದರೆ ಒಬ್ಬೊಬ್ಬನ ಪಾಲಿಗೆ 11 ಮೀಟರ್‌ಗೂ ಹೆಚ್ಚು, ಗೋಲಿನ ಮುಂದೆ ಯಾರೂ ಇಲ್ಲ. ಎಲ್ಲರೂ ಒಳಗೆ ಕೂತರೆ ಹೊರಗಿನವನಿಗೆ ಆರಾಮಾಗಿ ಎರಡು ಪಾಯಿಂಟ್. 2025ರ ಫೈನಲ್‌ನಲ್ಲಿ ಆದದ್ದು ಹೆಚ್ಚುಕಡಿಮೆ ಇದೇ. ಮತ್ತೆ ಮ್ಯಾಕ್‌ಗಿನ್ನೆಸ್ ಅವರದೇ ಡೊನೆಗಾಲ್ ಆಟಗಾರನನ್ನಲ್ಲ, ಜಾಗವನ್ನು ಕಾಯುವ ಡಿಫೆನ್ಸ್‌ಗೆ ಅಂಟಿಕೊಂಡಿತು. ಕೆರಿಯ ಡೇವಿಡ್ ಕ್ಲಿಫರ್ಡ್ ಒಬ್ಬರೇ ಮೂರು ಎರಡು-ಪಾಯಿಂಟ್ ಒದೆತ ಸೇರಿ ಒಂಬತ್ತು ಪಾಯಿಂಟ್ ಗಳಿಸಿದರು. ಕೆರಿ 1-26, ಡೊನೆಗಾಲ್ 0-19. ನನ್ನ ಮಟ್ಟಿಗೆ ಜಾಗ ಕಾಯುವುದು ತಪ್ಪಲ್ಲ. ಚೆಂಡು ಕಮಾನಿನ ಹತ್ತಿರ ಬಂದ ಮೇಲೂ ಜಾಗವನ್ನೇ ಕಾಯುತ್ತಾ ನಿಲ್ಲುವುದು ತಪ್ಪು.

ಹಾಗಾದರೆ ಯಾರು, ಯಾವಾಗ ಹೊರಗೆ ನುಗ್ಗಬೇಕು? ಹ್ಯಾಂಡ್‌ಪಾಸ್ (ಕೈಯಿಂದ ಹೊಡೆದು ಕೊಡುವ ಪಾಸ್) ಗಾಳಿಯಲ್ಲಿರುವಾಗಲೇ ಹತ್ತಿರದವನು ಓಡಬೇಕು. ಚೆಂಡು ಕೈಸೇರಿದ ಮೇಲೆ ಹೊರಟರೆ ತಡವಾಯಿತು. ಒಳ್ಳೆಯ ಒದೆತಗಾರನಿಗೆ ಎರಡು ಹೆಜ್ಜೆ ಸಾಕು. ಎರಡು ಮೀಟರ್ ಆಚೆ ನಿಂತು ಕೈಯೆತ್ತುವುದು ಒತ್ತಡವೇ ಅಲ್ಲ, ಕೈಗೆಟುಕುವಷ್ಟು ಹತ್ತಿರ ಹೋಗಬೇಕು. ನಮ್ಮವನು ಹೊರಟ ತಕ್ಷಣ ಅಕ್ಕಪಕ್ಕದ ಇಬ್ಬರು ಒಳಕ್ಕೆ ಸರಿದು ಅವನು ಬಿಟ್ಟ ಜಾಗ ಮುಚ್ಚಬೇಕು. ವಿಡಿಯೊದಲ್ಲಿ ಪದೇಪದೇ ಕಾಣುವ ಎಡವಟ್ಟು ಎಂದರೆ ಇಬ್ಬರು ಒಟ್ಟಿಗೆ ನುಗ್ಗುವುದು. ಅವರ ನಡುವೆ ಒಂದು ಹ್ಯಾಂಡ್‌ಪಾಸ್, ಹಿಂದಿನಿಂದ ಓಡಿ ಬಂದವನು ನೇರ ಗೋಲಿನತ್ತ. ಎರಡು ಪಾಯಿಂಟ್ ತಪ್ಪಿಸಲು ಹೋಗಿ ಮೂರು ಕೊಟ್ಟಂತಾಯಿತು. ‘ನಾನು ಹೋದೆ’ ಎಂದು ಕೂಗದೆ ಯಾರೂ ಕದಲಬಾರದು.

ಹತ್ತಿರ ಹೋದ ಮೇಲಿನ ಕೆಲಸ ಪಾದದ್ದು. ಚೆಂಡು ಹಿಡಿದವನು ನಾಲ್ಕು ಹೆಜ್ಜೆಯೊಳಗೆ ಅದನ್ನು ನೆಲಕ್ಕೆ ಪುಟಿಸಬೇಕು, ಇಲ್ಲವೇ ಕಾಲಿಂದ ಒದ್ದು ಕೈಗೆ ತಂದುಕೊಳ್ಳಬೇಕು. ಸತತ ಎರಡು ಬಾರಿ ಪುಟಿಸುವಂತಿಲ್ಲ. ಚೆಂಡು ಅವನ ಕೈ ಬಿಡುವ ಆ ಗಳಿಗೆಯೇ ನಮ್ಮದು. ಅಲ್ಲಿಯವರೆಗೆ ಸಣ್ಣ ಹೆಜ್ಜೆ, ಬಾಗಿದ ಮಂಡಿ, ಅವನನ್ನು ಸೈಡ್‌ಲೈನ್ ಕಡೆ ತಳ್ಳುವ ಕೋನ. ಕೈ ಹಾಕುವಾಗ ಅವನಿಗೆ ಹತ್ತಿರದ ಕೈಯನ್ನೇ ಬಳಸಿ, ಅಂಗೈ ಬಿಚ್ಚಿ, ಕೆಳಗಿನಿಂದ ಮೇಲಕ್ಕೆ ತಟ್ಟಬೇಕು. ದೂರದ ಕೈ ಚಾಚಿದರೆ ಮೈ ತಿರುಗಿ ತೋಳು ಅವನ ಎದೆಗೆ ಅಡ್ಡ ಬರುತ್ತದೆ, ಫೌಲ್ ಖಚಿತ. ಕಮಾನಿನ ಹೊರಗೆ ಕೊಟ್ಟ ಫ್ರೀ ಕಿಕ್‌ಗೂ ಎರಡು ಪಾಯಿಂಟ್ ಇದೆ ಎನ್ನುವುದನ್ನು ಡಿಫೆಂಡರ್‌ಗಳು ಬೇಗ ಮರೆಯುತ್ತಾರೆ. ಒದೆತಕ್ಕೆ ಅಡ್ಡ ಬೀಳುವಾಗ ಪಕ್ಕದಿಂದ ಬಂದು ಎರಡೂ ಅಂಗೈ ಪಾದದ ಹತ್ತಿರ ಇಡಬೇಕು. ಎದುರಿನಿಂದ ಬಿದ್ದರೆ ಬೆರಳು ಮುರಿಯುತ್ತದೆ.

ಉಸಿರಾಡಲು ಸಮಯ ಬೇಕೆಂದು ಫೌಲ್ ಮಾಡುವ ಹಳೆಯ ಚಾಳಿಯೂ ಈಗ ನಡೆಯದು. ಫೌಲ್ ಆದವನು ಕೂಡಲೇ ಚೆಂಡನ್ನು ಕಾಲಿಗೆ ತಾಗಿಸಿ ಓಡಬಹುದು. ಮೊದಲ ನಾಲ್ಕು ಮೀಟರ್ ಅವನನ್ನು ಮುಟ್ಟುವಂತಿಲ್ಲ. ತಡೆದರೆ, ಅಥವಾ ಚೆಂಡು ವಾಪಸ್ ಕೊಡಲು ಸತಾಯಿಸಿದರೆ, ಚೆಂಡು 50 ಮೀಟರ್ ಮುಂದೆ.

ಮಧ್ಯರೇಖೆಯ ವಿಷಯ ಚಿಕ್ಕದು, ಆದರೆ ಪಂದ್ಯ ಕಳೆಯುತ್ತದೆ. ಎದುರಾಳಿಯ ಅರ್ಧದಲ್ಲಿ ಉಳಿದ ಮೂವರಲ್ಲಿ ಒಬ್ಬ ತನ್ನ ಮನುಷ್ಯನ ಬೆನ್ನು ಹತ್ತಿ ಗೆರೆ ದಾಟಿ ಬರುತ್ತಾನೆ, ಬದಲಿಗೆ ಯಾರೂ ಆಚೆ ಹೋಗುವುದಿಲ್ಲ, ರೆಫರಿ ಶಿಳ್ಳೆ ಊದುತ್ತಾರೆ. ಗೆರೆಯ ಹತ್ತಿರದ ಒಬ್ಬನಿಗೆ ಎಣಿಸುವ ಹೊಣೆ ವಹಿಸಿ. ಅವನ ಬದಲಿಗೆ ಆಚೆ ಹೋಗುವವನು ಗೆರೆ ದಾಟಿದ ಮೇಲೆಯೇ ಮೊದಲಿನವನು ಇತ್ತ ಬರಬೇಕು.

ಇದಕ್ಕೆಲ್ಲ ನಾವು ನೆಚ್ಚುವ ಅಭ್ಯಾಸ: ಅರ್ಧ ಮೈದಾನ, 11ಕ್ಕೆ 11, ಮೂರು ನಿಮಿಷ ಆಟ, ಒಂದೂವರೆ ನಿಮಿಷ ವಿರಾಮ, ಆರು ಸುತ್ತು. ಕಮಾನಿನ ಹೊರಗಿಂದ ಯಾರೂ ಅಡ್ಡಬರದೆ ಒದ್ದರೆ ಗುರಿ ತಪ್ಪಿದರೂ ದಾಳಿಯವರಿಗೆ ಎರಡು ಪಾಯಿಂಟ್. ನಾಲ್ಕನೇ ಸುತ್ತಿನಿಂದ ಡಿಫೆಂಡರ್‌ಗಳ ಕೂಗು ತಗ್ಗುತ್ತದೆ, ಇಬ್ಬರು ಒಟ್ಟಿಗೆ ನುಗ್ಗುವುದು ಶುರುವಾಗುತ್ತದೆ. ಆಗ ಆಟ ನಿಲ್ಲಿಸಬೇಡಿ. ಗೋಲಿನ ಹಿಂದೆ ಎತ್ತರದಲ್ಲಿ ಇಟ್ಟ ಕ್ಯಾಮೆರಾದಲ್ಲಿ ಹಿಡಿದು ಅದೇ ಸಂಜೆ ತೋರಿಸಿ. ಗಾಳಿಯಿರುವ ದಿನ ದಾಳಿಯವರಿಗೆ ಗಾಳಿ ಬೆನ್ನಿಗಿರುವ ಕಡೆ ಕೊಟ್ಟು, ಡಿಫೆನ್ಸ್ ಸಾಲನ್ನು ಐದು ಮೀಟರ್ ಮುಂದಕ್ಕೆ ಹಾಕಿಸಿ.