ಥೇಲೀಸ್, ಹೆರಾಕ್ಲೈಟಸ್ ಇದ್ದ ಊರುಗಳಲ್ಲಿ

ಪ್ರಾಚೀನ ಗ್ರೀಕ್ ತತ್ವಜ್ಞಾನಿ ಹೆರಾಕ್ಲೈಟಸನ ಊರು ನೋಡಬೇಕೆಂದು ಟರ್ಕಿಯ ಎಫೆಸಸ್‌ಗೆ ಬಂದವರು ನೇರವಾಗಿ ಸೆಲ್ಸಸ್ ಗ್ರಂಥಾಲಯದ ಮುಂದೆ ಹೋಗಿ ನಿಲ್ಲುತ್ತಾರೆ. ಅದು ಹೆರಾಕ್ಲೈಟಸ್ ತೀರಿಕೊಂಡು ಸುಮಾರು 600 ವರ್ಷಗಳಾದ ಮೇಲೆ ರೋಮನ್ನರ ಆಳ್ವಿಕೆಯಲ್ಲಿ ಕಟ್ಟಿದ್ದು. ಊರನ್ನು ಈ ಜಾಗಕ್ಕೆ ಸ್ಥಳಾಂತರಿಸಿದ್ದೇ ಕ್ರಿ.ಪೂ. 300ರ ಆಸುಪಾಸಿನಲ್ಲಿ. ಅವನ ಕಾಲದ ಜನವಸತಿ ಇದ್ದದ್ದು ಗ್ರೀಕ್ ದೇವತೆ ಆರ್ಟೆಮಿಸ್‌ಳ ಗುಡಿಯ ಆಸುಪಾಸಿನಲ್ಲಿ.

ಹಾಗಾಗಿ ಇಜ್ಮಿರ್‌ನ ಬಸ್ಮಾನೆ ನಿಲ್ದಾಣದಲ್ಲಿ ರೈಲು ಹತ್ತಿ ಎಫೆಸಸ್ ಪಕ್ಕದ ಸೆಲ್ಚುಕ್‌ನಲ್ಲಿ ಇಳಿದ ಕೂಡಲೇ ಮೊದಲು ಗುಡಿಯ ಕಡೆ ನಡೆಯಿರಿ. ಎಫೆಸಸ್‌ಗೆ ಹೋಗುವ ರಸ್ತೆಯಲ್ಲೇ ಬಲಕ್ಕೆ ಸಿಗುತ್ತದೆ. ಜೌಗು ನೆಲದಲ್ಲಿ, ಸಿಕ್ಕ ತುಂಡುಗಳನ್ನು ಪೇರಿಸಿ ನಿಲ್ಲಿಸಿದ ಒಂದೇ ಕಂಬ, ಅದರ ತುದಿಯಲ್ಲಿ ಕೊಕ್ಕರೆಯ ಗೂಡು. ಇಷ್ಟೇ ಇರುವುದರಿಂದ ಬಹಳ ಜನ ಹತ್ತೇ ನಿಮಿಷದಲ್ಲಿ ಹೊರಟುಬಿಡುತ್ತಾರೆ. ಹೆರಾಕ್ಲೈಟಸ್ ತನ್ನ ಗ್ರಂಥವನ್ನು ಒಪ್ಪಿಸಿದ್ದು ಈ ಗುಡಿಗೇ ಎನ್ನುತ್ತಾನೆ ಗ್ರೀಕ್ ತತ್ವಜ್ಞಾನಿಗಳ ಜೀವನ ಬರೆದ ಡಯೋಜಿನೀಸ್ ಲಾಯೆರ್ಟಿಯಸ್. ಆದರೆ ವಿಗ್ರಹಕ್ಕೆ ಪ್ರಾರ್ಥಿಸುವುದು ಮನೆಯ ಗೋಡೆಯ ಜೊತೆ ಮಾತಾಡಿದಂತೆ ಎಂದವನೂ ಹೆರಾಕ್ಲೈಟಸನೇ. ಒಲೆಯ ಬಳಿ ಚಳಿ ಕಾಯಿಸುತ್ತಿದ್ದ ಅವನನ್ನು ಕಂಡು ಹೊಸ್ತಿಲಲ್ಲೇ ತಡೆದು ನಿಂತ ಅತಿಥಿಗಳಿಗೆ, ಒಳಗೆ ಬನ್ನಿ, ಇಲ್ಲೂ ದೇವರಿದ್ದಾರೆ ಎಂದನಂತೆ. ಇದನ್ನು ದಾಖಲಿಸಿದವನು ಅರಿಸ್ಟಾಟಲ್. ಗುಡಿಯನ್ನು ಬಿಡದೆಯೇ ದೈವವನ್ನು ಗುಡಿಯಾಚೆಗೂ ಕಂಡ ಮನಸ್ಸು ಅದು.

ಇನ್ನೊಬ್ಬ ಗ್ರೀಕ್ ತತ್ವಜ್ಞಾನಿ ಥೇಲೀಸನ ಊರಾದ ಮಿಲೆಟಸ್‌ಗೆ ಬಸ್ಸು ನೆಚ್ಚಿಕೊಂಡರೆ ದಿನ ಹಾಳು. ಬಾಡಿಗೆ ಕಾರೇ ಸರಿ. ಮಳೆಗಾಲ ಕಳೆದ ವಸಂತದಲ್ಲೂ ಕೆಳಗಿನ ಅಗೋರಾದಲ್ಲಿ, ಅಂದರೆ ಹಳೆಯ ಪೇಟೆಯ ಚೌಕದಲ್ಲಿ, ನೀರು ನಿಂತಿರುತ್ತದೆ, ಹಳೆಯ ಬೂಟು ಹಾಕಿಕೊಳ್ಳಿ. ಮೊದಲು ರಂಗಮಂದಿರದ ಮೇಲಿನ ಸಾಲಿಗೆ ಹತ್ತಿ ಪಶ್ಚಿಮಕ್ಕೆ ನೋಡಿ. ಹೊಲಗಳಿರುವಲ್ಲಿ ಆಗ ಕಡಲಿತ್ತು. ಮೆಂಡೆರೆಸ್ ನದಿಯ ಹೂಳು ಅದನ್ನು ತುಂಬಿತು. ನಡುವೆ ಕಾಣುವ ದಿಬ್ಬ ಆಗಿನ ಲಾಡೆ ದ್ವೀಪ. ಎಲ್ಲದರ ಮೂಲ ನೀರು, ಎಲ್ಲವೂ ದೇವರುಗಳಿಂದ ತುಂಬಿದೆ ಎಂದ ಥೇಲೀಸನನ್ನು ಓದುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಅದೇ ಊರಿನ ಅನಾಕ್ಸಿಮಾಂಡರ್ ಇನ್ನೂ ಮುಂದೆ ಹೋದ: ಅವನು ಹೇಳಿದ ಮೂಲಕ್ಕೆ ಮೇರೆಯಿಲ್ಲ, ಸಾವಿಲ್ಲ. ದೈವವೆಂದರೆ ಅದೇ.

ಇಲ್ಲಿಂದ ದಕ್ಷಿಣಕ್ಕೆ ಡಿಡಿಮಾದಲ್ಲಿ ಗ್ರೀಕ್ ದೇವರು ಅಪೊಲೊನ ಗುಡಿ. ಸುಮಾರು 20 ಮೀಟರ್ ಎತ್ತರದ ಮೂರು ಕಂಬಗಳು ಇಂದಿಗೂ ನಿಂತಿವೆ. ಇದೂ ಥೇಲೀಸನ ನಂತರದ್ದೇ, ಆದರೆ ಕಣಿ ಕೇಳುವ ಕ್ಷೇತ್ರ ಅವನ ಕಾಲದಲ್ಲೂ ಇತ್ತು.

ಇಜ್ಮಿರ್‌ಗೆ ಮರಳುವಾಗ, ಮತ್ತೊಬ್ಬ ಗ್ರೀಕ್ ಚಿಂತಕ ಜೆನೊಫನೀಸನ ಊರು ಕೊಲೊಫೋನ್‌ನಲ್ಲಿ ಕಾಣಲು ಹೆಚ್ಚೇನಿಲ್ಲ. ಹತ್ತಿರದ ಕ್ಲಾರೋಸ್‌ಗೆ ಹೋಗಿ, ಅದೂ ಅಪೊಲೊನ ಕ್ಷೇತ್ರ. ಗ್ರೀಸಿನ ಉತ್ತರದ ಥ್ರೇಸಿನವರ ದೇವರಿಗೆ ಅವರಂತೆಯೇ ನೀಲಿ ಕಣ್ಣು, ಕೈಗಳಿದ್ದಿದ್ದರೆ ಎತ್ತುಗಳೂ ಎತ್ತಿನಂಥ ದೇವರನ್ನೇ ಚಿತ್ರಿಸುತ್ತಿದ್ದವು ಎಂದವನು ಜೆನೊಫನೀಸ್. ಅವನ ನಂತರದ ಕಾಲದ ಭಾರೀ ಅಪೊಲೊ ವಿಗ್ರಹದ ತೋಳು, ಕಾಲು ಇಲ್ಲಿ ಸಿಕ್ಕಿವೆ. ಗರ್ಭಗುಡಿಯ ಕೆಳಗಿನ ಕಮಾನುಗಳಿಗೆ ಅಂತರ್ಜಲ ಏರುತ್ತದೆ, ಆಗ ಮೇಲಿನಿಂದಲೇ ನೋಡಬೇಕು.